ಕಂಪ್ಯೂಟರ್‌ನಲ್ಲಿ ಯಾರದ್ದೋ ಫೋನ್ ಕಾಣ್ತಿದೆಯಾ?

ವಿಂಡೋಸ್‌ನ 'ನೆಟ್‌ವರ್ಕ್' ಫೋಲ್ಡರ್‌ನಲ್ಲಿ ಗುರುತಿಲ್ಲದ ಫೋನೋ ಟಿವಿಯೋ ಕಂಡ ತಕ್ಷಣ ಹ್ಯಾಕ್ ಆಯ್ತು ಅಂದುಕೊಳ್ಳಬೇಡಿ. ಪಾಸ್‌ವರ್ಡ್ ಟೈಪ್ ಮಾಡದೆ ವೈಫೈ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವಿದ್ದರೆ, ಪಕ್ಕದ ಮನೆಯ ಸಾಧನವೂ ಅಲ್ಲಿ ಹೆಸರು ತೋರಿಸಬಹುದು. ಖಚಿತ ಉತ್ತರ ಇರೋದು ರೂಟರ್‌ನ ಅಡ್ಮಿನ್ ಪುಟದಲ್ಲಿ. ಅಲ್ಲಿ ಕನೆಕ್ಟ್ ಆದವರ ಪಟ್ಟಿಯಲ್ಲೂ ಅದಿದ್ದು, ಮನೆಯವರ್ಯಾರದ್ದೂ ಅಲ್ಲದಿದ್ದರೆ, ಯಾರೋ ನಿಮ್ಮ ವೈಫೈ ಬಳಸುತ್ತಿದ್ದಾರೆ.

ಆಗ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ 8 ಅಂಕಿಯ ಪಿನ್ ಸುಮಾರು 11,000 ಯತ್ನಗಳೊಳಗೆ ಸಿಗುತ್ತದೆಂದು 2011ರಲ್ಲೇ ಬಯಲಾಗಿದೆ.

ಇದು ಬರೀ ಡೇಟಾ ಖರ್ಚಿನ ಪ್ರಶ್ನೆಯಲ್ಲ. 2008ರ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತ ಇಮೇಲ್‌ಗೆ ಬಳಕೆಯಾದದ್ದು ನವಿ ಮುಂಬೈನ ಮನೆಯೊಂದರ ವೈಫೈ. ಕಳಿಸಿದವರು ಬೇರೆ, ಪೊಲೀಸರ ವಿಚಾರಣೆ ಎದುರಿಸಿದ್ದು ಮನೆಯವರು.