ಕುಂದಾಪುರದ ಚಂದ್ರಿ, ಮದರಾಸಿನ ಸ್ನೇಹಲತಾ

ಚೆನ್ನೈಗೂ ಕನ್ನಡ ಸಿನಿಮಾಗೂ ಇರುವ ನಂಟು ನಮ್ಮ ಹಿರಿಯರಿಗೆಲ್ಲ ಗೊತ್ತಿರುವುದೇ. 1954ರ ‘ಬೇಡರ ಕಣ್ಣಪ್ಪ’ ಸೇರಿದಂತೆ ಎಷ್ಟೋ ಕನ್ನಡ ಚಿತ್ರಗಳು ಇಲ್ಲಿನ ಸ್ಟುಡಿಯೋಗಳಲ್ಲೇ ತಯಾರಾದವು. ರಾಜ್‌ಕುಮಾರ್, ಪಂಡರಿಬಾಯಿ, ಬಿ. ಆರ್. ಪಂತುಲು ಎಲ್ಲರೂ ಈ ಊರಿನಲ್ಲಿ ಸಂಸಾರ ಹೂಡಿದವರು. ಆದರೆ ಸ್ಟುಡಿಯೋಗಳ ಹೊರಗೆ, ಇದೇ ಊರಿನ ಗೆಳೆಯರ ಬಳಗವೊಂದು ಸೇರಿ ಮಾಡಿದ ಇನ್ನೊಂದು ಕನ್ನಡ ಚಿತ್ರವಿದೆ. ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಅದೇ 1970ರ ‘ಸಂಸ್ಕಾರ’.

ಯು. ಆರ್. ಅನಂತಮೂರ್ತಿಯವರ ಈ ಕಾದಂಬರಿ ಮಲೆನಾಡಿನ ಅಗ್ರಹಾರವೊಂದರ ಕಥೆ. ಅದನ್ನು ಅವರು ಬರೆದದ್ದು ಮಲೆನಾಡಿನಲ್ಲಿ ಕುಳಿತಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ. ಸ್ವೀಡನ್ನಿನ ಬರ್ಗ್‌ಮನ್ ಅವರ ಚಿತ್ರವೊಂದನ್ನು ಅಲ್ಲಿ ನೋಡಿದ್ದೇ ಈ ಬರವಣಿಗೆಗೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಪುಸ್ತಕ 1965ರಲ್ಲಿ ಬಂತು. ಆ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಗಳಿಗೆ ಜಮೈಕಾದಿಂದ, ಪಂಜಾಬಿನಿಂದ ಸಾವಿರಾರು ಜನ ಬಂದು ನೆಲೆಸಿದ್ದರು. ಪಕ್ಕದ ಸ್ಮೆಥಿಕ್‌ನಲ್ಲಿ 1964ರ ಚುನಾವಣೆ ನಡೆದದ್ದೇ ವಲಸಿಗರ ವಿರುದ್ಧದ ದ್ವೇಷದ ಮೇಲೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಅಗ್ರಹಾರದಲ್ಲಿ ಮಾತ್ರವಲ್ಲ, ಆ ಊರಿನ ಬೀದಿಯಲ್ಲೂ ಇತ್ತು.

ಈ ಕಾದಂಬರಿಯನ್ನು ಸಿನಿಮಾ ಮಾಡಿದವರು ಯಾರೆಂದು ನೋಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನವರು, ತೆಲುಗು ಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. 1963ರಿಂದ ಅವರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸದಲ್ಲಿದ್ದರು. ಬಿಡುವಿನಲ್ಲಿ ‘ಮದ್ರಾಸ್ ಪ್ಲೇಯರ್ಸ್’ ಎಂಬ ಇಂಗ್ಲಿಷ್ ನಾಟಕ ತಂಡದ ಜೊತೆಗಿದ್ದರು. ಕಲಾ ನಿರ್ದೇಶಕ ಎಸ್. ಜಿ. ವಾಸುದೇವ್ ಮೈಸೂರಿನವರು, ಚಿತ್ರಕಲೆ ಕಲಿಯಲು ಮದರಾಸಿಗೆ ಬಂದು ಚೋಳಮಂಡಲ ಕಲಾಗ್ರಾಮದಲ್ಲಿ ನೆಲೆನಿಂತವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಇವರೆಲ್ಲ ಸೇರಿ ಶೃಂಗೇರಿ ಬಳಿಯ ವೈಕುಂಠಪುರಕ್ಕೆ ಹೋಗಿ ಕನ್ನಡದ ಹೊಸ ಅಲೆಗೆ ದಾರಿ ಮಾಡಿಕೊಟ್ಟರು.

ಚಂದ್ರಿಯ ಪಾತ್ರ ಮಾಡಿದವರು ಪಟ್ಟಾಭಿಯವರ ಪತ್ನಿ ಸ್ನೇಹಲತಾ ರೆಡ್ಡಿ. ಮದರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ಅವರದು ದೊಡ್ಡ ಹೆಸರು. ಚಂದ್ರಿ ಕೂಡ ಅಗ್ರಹಾರಕ್ಕೆ ಹೊರಗಿನವಳೇ. ಕುಂದಾಪುರದಿಂದ ಬಂದು ನಾರಣಪ್ಪನ ಜೊತೆ ವರ್ಷಗಟ್ಟಲೆ ಬಾಳಿದವಳು. ನಾರಣಪ್ಪ ಸತ್ತಾಗ ಹೆಣ ಸುಡುವವರು ಯಾರು ಎಂದು ಊರಿನ ಗಂಡಸರೆಲ್ಲ ಶಾಸ್ತ್ರ ಹುಡುಕುತ್ತಾ ಕೂರುತ್ತಾರೆ. ಖರ್ಚಿಗಾಗಲಿ ಎಂದು ಮೈಮೇಲಿನ ಒಡವೆ ಬಿಚ್ಚಿಕೊಡುವವಳು ಅವಳು. ಕೊನೆಗೆ ರಾತ್ರೋರಾತ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ಸಂಸ್ಕಾರ ಮುಗಿಸಿ ಬಿಡುವವಳೂ ಅವಳೇ. ಊರಿನ ಕರ್ತವ್ಯವನ್ನು ಊರಿನವರಲ್ಲದ ಇಬ್ಬರು ಮಾಡಿ ಮುಗಿಸುತ್ತಾರೆ. ಅದು ಊರಿಗೆ ಗೊತ್ತೂ ಆಗುವುದಿಲ್ಲ.

ಬ್ರಿಟನ್ನಿನ ವಾಸ್ತವವಾದಿ ಸಿನಿಮಾದ ಚರಿತ್ರೆಯಲ್ಲೂ ಇಂಥದೇ ಸಂಗತಿ ಕಾಣುತ್ತದೆ. ಅಲ್ಲಿನ ಕಾರ್ಖಾನೆ ಕಾರ್ಮಿಕನ ಬದುಕನ್ನು ತೆರೆಗೆ ತಂದ ‘ಸ್ಯಾಟರ್‌ಡೇ ನೈಟ್ ಆಂಡ್ ಸಂಡೇ ಮಾರ್ನಿಂಗ್’ (1960) ಚಿತ್ರದ ನಿರ್ದೇಶಕ ಕಾರೆಲ್ ರೈಸ್, ಹಿಟ್ಲರನ ಕಾಲದಲ್ಲಿ ಚೆಕೊಸ್ಲೊವಾಕಿಯಾದಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗ. ಲಂಡನ್ನಿನಲ್ಲೇ ಹುಟ್ಟಿಯೂ ಕೆಲಸ ಸಿಗದ ಕಪ್ಪು ಹುಡುಗನ ಕಥೆ ‘ಪ್ರೆಷರ್’ ಅನ್ನು 1970ರ ದಶಕದಲ್ಲಿ ಮಾಡಿದ ಹೊರೇಸ್ ಓವೆ ಟ್ರಿನಿಡಾಡ್‌ನಿಂದ ಬಂದವರು. ಹೊರಗಿನಿಂದ ಬಂದವರಿಗೆ ಊರಿನ ಯಾವ ಸಂಗತಿಯೂ ಸಹಜವೆನಿಸುವುದಿಲ್ಲ. ಎಲ್ಲವನ್ನೂ ನೋಡಿಯೇ ಕಲಿಯಬೇಕು. ಹಾಗೆ ನೋಡುವ ಕಣ್ಣಿಗೆ, ಊರಿನವರು ನೋಡದೇ ಬಿಟ್ಟದ್ದೂ ಕಾಣುತ್ತದೆ.

ಕಂಡದ್ದನ್ನು ಹೇಳಿದರೆ ಬೆಲೆಯನ್ನೂ ತೆರಬೇಕು. ‘ಸಂಸ್ಕಾರ’ವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿತು. ಕೇಂದ್ರ ಸರ್ಕಾರ ಅದನ್ನು ತೆರವು ಮಾಡಿದ ಮೇಲೆ, ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಸ್ನೇಹಲತಾ ತೆತ್ತ ಬೆಲೆ ಇನ್ನೂ ದೊಡ್ಡದು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾ ಇದ್ದ ಅವರ ಆರೋಗ್ಯ ಅಲ್ಲಿ ಪೂರ್ತಿ ಕೆಟ್ಟಿತು. 1977ರ ಜನವರಿಯಲ್ಲಿ ಬಿಡುಗಡೆಯಾದರು. ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ಜೈಲಿನಲ್ಲಿ ಅವರು ಬರೆದಿಟ್ಟ ದಿನಚರಿ ಆಮೇಲೆ ಪುಸ್ತಕವಾಯಿತು.

ಓಎಂಆರ್‌ನ ಆಫೀಸುಗಳಲ್ಲಿ ಕೆಲಸ ಮಾಡುವ ನಮ್ಮಂಥವರನ್ನು ಇಲ್ಲಿ ಮೊದಲ ಭೇಟಿಯಲ್ಲೇ ಕೇಳುವ ಪ್ರಶ್ನೆ, ‘ನೇಟಿವ್ ಎಲ್ಲಿ?’ ಎಂದು. ರಜೆಗೆ ಊರಿಗೆ ಹೋದರೆ ಅಲ್ಲಿ ನಾವು ‘ಮದ್ರಾಸಿನವರು’. ಮಕ್ಕಳ ಕನ್ನಡದಲ್ಲಿ ತಮಿಳು ಸೇರಿದೆ ಎಂದು ನೆಂಟರು ನಗುತ್ತಾರೆ. ನಾವು ಯಾವ ಊರಿಗೆ ಸೇರಿದವರು ಎಂಬ ಗೊಂದಲ ಹೆಣ್ಣುಮಕ್ಕಳಿಗೆ ಇನ್ನೂ ಹಳೆಯದು. ತವರಿನಲ್ಲಿ ಕೊಟ್ಟ ಮನೆಯವಳು, ಕೊಟ್ಟ ಮನೆಯಲ್ಲಿ ಹೊರಗಿನಿಂದ ಬಂದವಳು.

‘ಸಂಸ್ಕಾರ’ದ ಚರಿತ್ರೆ ನನಗೆ ಮುಖ್ಯವೆನಿಸುವುದು ಇಲ್ಲಿ. ಆ ಬಳಗದಲ್ಲಿ ಯಾರೂ ತಾವೆಷ್ಟು ಕನ್ನಡದವರು ಎಂಬ ಲೆಕ್ಕ ಮುಗಿಯಲಿ ಎಂದು ಕಾಯಲಿಲ್ಲ. ನೆಲ್ಲೂರಿನವರು, ಕೊಂಕಣಿಯವರು, ಆಸ್ಟ್ರೇಲಿಯಾದವರು ತಮ್ಮ ಕೈಲಾದದ್ದನ್ನು ಕೊಟ್ಟರು. ಇವತ್ತು ಆ ಚಿತ್ರವನ್ನು ಬಿಟ್ಟು ಕನ್ನಡ ಸಿನಿಮಾದ ಚರಿತ್ರೆ ಬರೆಯಲಾಗುವುದಿಲ್ಲ. ನಾಡಿನ ಹೊರಗಿದ್ದುಕೊಂಡು ಕನ್ನಡಕ್ಕೆ ನಾವೇನು ಮಾಡಬಲ್ಲೆವು ಎಂದು ಯಾರಾದರೂ ಕೇಳಿದರೆ, ಅವರಿಗೆ ಈ ಸಿನಿಮಾ ತೋರಿಸಬಹುದು. ನಮ್ಮ ಮಕ್ಕಳಿಗೂ ತೋರಿಸಬೇಕು. ನೋಡುವಾಗ ಒಂದು ಮಾತನ್ನು ಸೇರಿಸಿ ಹೇಳೋಣ: ಆ ಚಂದ್ರಿ ನಮ್ಮ ಚೆನ್ನೈನಿಂದ ಹೋದವಳು.