ಶುಶ್ರೂಷೆಯ ಪಗಾರ

ಮುಪ್ಪಿನಲ್ಲಿ ಕೈಹಿಡಿದು ಎಬ್ಬಿಸುವವರಿಗೆ ಏನನ್ನು ಕೊಡಬೇಕು? ಪ್ರಶ್ನೆ ಇಂದಿನದೆಂದು ತೋರಿದರೂ ಅದರ ಬೇರು ಹಳೆಯದು.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ಆಸ್ತಿ ಹಂಚಿಕೆಗೆ ಹೆಸರಾದ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಕೂಲಿಯ ಪ್ರಕರಣವೂ ಇದೆ. ಕೂಲಿ ಗೊತ್ತುಮಾಡದೆ ದುಡಿಸಿಕೊಂಡವನಿಂದ ವ್ಯಾಪಾರ, ಪಶು, ಬೆಳೆಗಳ ಉತ್ಪನ್ನದ ಹತ್ತನೆಯ ಪಾಲನ್ನು ಅರಸನು ಆಳಿಗೆ ಕೊಡಿಸಬೇಕೆಂದು ಅದು ವಿಧಿಸುತ್ತದೆ. ನ್ಯಾಯವಾದ ಮಾತೇ. ಆದರೆ ಹಾಸಿಗೆ ಹಿಡಿದವರ ಶುಶ್ರೂಷೆಯಲ್ಲಿ ಬರುವ ಬೆಳೆ ಯಾವುದು?

ನಮ್ಮ ಸಾವಳಗಿ 1948ರವರೆಗೆ ಜಮಖಂಡಿ ಸಂಸ್ಥಾನದಲ್ಲಿದ್ದ ಊರು. ಈ ಸೀಮೆಯಲ್ಲಿ ಬಡಿಗ, ಕಮ್ಮಾರರಿಗೆ ಸುಗ್ಗಿಯ ಕಣದಲ್ಲಿ ಆಯ ಸಲ್ಲುತ್ತಿತ್ತು. ಅದು ದಾನವಲ್ಲ, ಹಕ್ಕು. ಆಯಗಾರರ ಸಾಲಿನಲ್ಲಿ ಮುದುಕರನ್ನು ನೋಡಿಕೊಳ್ಳುವವಳಿಗೆ ಸ್ಥಾನವಿರಲಿಲ್ಲ. ಆ ಕೆಲಸ ಸೊಸೆಯದು, ಇಲ್ಲವೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳದು. ಮನೆಯವರ ಕೆಲಸವೆನಿಸಿದ್ದರಿಂದಲೇ ಅದಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮಗೆ ಬರಲಿಲ್ಲ.

ನನ್ನ ತಾಯಿ ಹಾಸಿಗೆ ಹಿಡಿದಾಗ ಒಬ್ಬಾಕೆ ಹಗಲಿರುಳು ನೋಡಿಕೊಂಡಳು. ಊಟ, ತಿಂಗಳಿಗಿಷ್ಟು ಜೋಳ, ಉಗಾದಿಗೊಂದು ಸೀರೆ ಕೊಟ್ಟು, “ನೀ ಮನೀ ಮಗಳಿದ್ದಂಗ” ಎನ್ನುತ್ತಿದ್ದೆವು. ಒಂದು ದಿನ ಆಕೆ ಮೆಲ್ಲಗೆ, “ಅಣ್ಣಾರ, ಮಗಳಂದ್ರ ಪಾಲ ಕೊಡ್ರಿ, ಆಳಂದ್ರ ಪಗಾರ ಕೊಡ್ರಿ” ಎಂದಳು. ಜೀವಮಾನವೆಲ್ಲ ಕನ್ನಡ ಬೋಧಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಆ ತಿಂಗಳಿನಿಂದ ಪಗಾರ, ವಾರಕ್ಕೊಂದು ಬಿಡುವು ಗೊತ್ತಾದವು, ವಹಿಯಲ್ಲಿ ಬರೆದಿಟ್ಟೆವು. ಹಿಂದಿನ ತಿಂಗಳುಗಳ ಬಾಕಿ ಮಾತ್ರ ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಕಾನೂನು ನಮಗಿಂತ ಬೇಗ ಎಚ್ಚತ್ತಿತ್ತು. 1976ರ ಕಾಯ್ದೆ ಸಾಲಕ್ಕಾಗಿ ದುಡಿಸುವ ಜೀತವನ್ನು ನಿಷೇಧಿಸಿತು. 2004ರಲ್ಲಿ ಕರ್ನಾಟಕವು ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 2007ರ ಕೇಂದ್ರ ಕಾಯ್ದೆ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಮಾತು ತಪ್ಪಿದರೆ ಆ ದಾನವನ್ನು ರದ್ದುಪಡಿಸಿಕೊಳ್ಳುವ ಅವಕಾಶವನ್ನೂ ಹಿರಿಯರಿಗೆ ನೀಡಿತು.

ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಇಂದು ಆ ಹೊಣೆಯನ್ನು ಹೊರುವ ಕೈಗಳು ಬೇರೆಯವರವು. ಅಕ್ಕರೆಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಆಕೆ ಕಳೆದ ಇರುಳುಗಳಿಗೆ, ಎತ್ತಿ ಕೂರಿಸಿದ ತೋಳುಗಳಿಗೆ ಬೆಲೆ ಕಟ್ಟಬಹುದು. ಮೊದಲು ಪಗಾರವನ್ನು ಎಣಿಸಿ ಕೈಗಿಡೋಣ. ‘ಮಗಳೇ’ ಎಂದು ಕರೆಯುವುದು ಆಮೇಲೆ.