ಚೌಡಯ್ಯನವರ ಏಳು ತಂತಿ, ರಸಮಂಜರಿ ಹುಡುಗನ ಪಿಕಪ್

ಚುಂಚನಕಟ್ಟೆ ಜಾತ್ರೆ ಇರಲಿ, ಊರ ಗಣಪತಿ ಬಿಡುವ ರಾತ್ರಿ ಇರಲಿ, ರಸಮಂಜರಿ ಅಂದಮೇಲೆ ವೇದಿಕೆಯ ಒಂದು ಮೂಲೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗನೊಬ್ಬ ನಿಂತಿರುತ್ತಾನೆ. ಹಾಡು ನಿಂತ ಕೂಡಲೇ ಅವನ ಕಡೆಯಿಂದ ಜೇನು ಎದ್ದ ಹಾಗೆ ‘ಗುಂಯ್’ ಅನ್ನುವ ಸದ್ದು ಕೇಳುತ್ತದೆ. ಸೌಂಡ್ ಸಿಸ್ಟಂನವರು ತಿರುಗಿ ನೋಡುತ್ತಾರೆ, ಹುಡುಗ ವಾಲ್ಯೂಮ್ ಇಳಿಸುತ್ತಾನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮೊಬೈಲಿನಲ್ಲೇ ಪಾಠ ನೋಡಿ ಗಿಟಾರ್ ಕಲಿತು, ಸಿನಿಮಾ ಹಾಡಿನ ಜೊತೆಗೆ ಹಳೆಯ ರಾಕ್, ಬ್ಲೂಸ್ ನುಡಿಸಲು ಹೊರಟವರಿದ್ದಾರೆ. ಸ್ವಲ್ಪ ಕೈ ಕೂಡಿದ ಮೇಲೆ ಅವರಿಗೆ ಬರುವ ಯೋಚನೆ ಒಂದೇ: ಪಿಕಪ್ ಬದಲಾಯಿಸಬೇಕು, ಯಾವುದು ಹಾಕುವುದು? ಇದಕ್ಕೆ ಅಂಗಡಿಯವರ ಮಾತಿಗಿಂತ ಇತಿಹಾಸದ ಉತ್ತರವೇ ವಾಸಿ. ಆ ಇತಿಹಾಸವನ್ನು ನಮ್ಮ ಜಿಲ್ಲೆಯಿಂದಲೇ ಶುರು ಮಾಡಬಹುದು.

ಮೈಕ್ ಇಲ್ಲದ ಕಾಲ

ತಿರುಮಕೂಡಲು ನರಸೀಪುರದ ಟಿ. ಚೌಡಯ್ಯ ಹುಟ್ಟಿದ್ದು 1895ರಲ್ಲಿ. ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತು ದೊಡ್ಡ ಪಿಟೀಲು ವಿದ್ವಾಂಸರಾದರು. ಆಗ ಕಚೇರಿಗಳಿಗೆ ಮೈಕ್ ಇರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುವುದೇ ಕಷ್ಟವಾಗಿತ್ತು. ಚೌಡಯ್ಯನವರು 1920ರ ದಶಕದಲ್ಲಿ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಮುಂದೆ 19 ತಂತಿಯದನ್ನೂ ಮಾಡಿದರು. ಅವರು ತೀರಿಕೊಂಡಿದ್ದು 1967ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದು.

ವಾದ್ಯದ ಸದ್ದು ಸಾಲದು ಅನ್ನುವ ಈ ತೊಂದರೆ ಅದೇ ಕಾಲದಲ್ಲಿ ಅಮೆರಿಕದ ಗಿಟಾರ್ ವಾದಕರಿಗೂ ಇತ್ತು. ಡ್ರಮ್ಮು, ತುತ್ತೂರಿಗಳ ನಡುವೆ ಗಿಟಾರ್ ಕೇಳುತ್ತಲೇ ಇರಲಿಲ್ಲ. ಚೌಡಯ್ಯನವರು ತಂತಿ ಹೆಚ್ಚಿಸಿದರು. ಅಮೆರಿಕದವರು ಕರೆಂಟಿನ ದಾರಿ ಹಿಡಿದರು.

ಸೈಕಲ್ ಡೈನಮೊ ಲೆಕ್ಕ

ಹಳೆಯ ಸೈಕಲ್ಲಿನ ಡೈನಮೊ ನೆನಪಿದೆಯಲ್ಲ? ತಾಮ್ರದ ಸುರುಳಿಯ ಪಕ್ಕ ಅಯಸ್ಕಾಂತ ತಿರುಗಿದರೆ ಕರೆಂಟು ಹುಟ್ಟುತ್ತದೆ, ದೀಪ ಹತ್ತುತ್ತದೆ. ಈ ತತ್ವವನ್ನು ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದು 1831ರಲ್ಲಿ. ಪಿಕಪ್‌ನಲ್ಲಿ ನಡೆಯುವುದೂ ಇದೇ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದಾಗ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರ್‌ನ ಕೆಲಸ. ನೈಲಾನ್ ತಂತಿಗೆ ಇದು ಕೆಲಸ ಮಾಡದಿರುವುದು ಇದೇ ಕಾರಣಕ್ಕೆ.

ಜಾರ್ಜ್ ಬೋಚಾಂಪ್ ಅನ್ನುವ ವಾದಕ 1931ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೀಗೆ ಕೆಲಸ ಮಾಡುವ ಗಿಟಾರ್ ತಯಾರಿಸಿದ. ನೋಡಲು ಬಾಣಲೆಯ ಹಾಗಿದ್ದುದರಿಂದ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಅಂತಲೇ ಕರೆದರು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಹತ್ತಿ ಹೊಲದಿಂದ ಷಿಕಾಗೊಗೆ

ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವವರಿಗೆ ಬ್ಲೂಸ್ ದೂರದ ಸಂಗೀತ ಅಲ್ಲ. ಅದು ಬೆಳೆದದ್ದೇ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ. ಬಿ.ಬಿ. ಕಿಂಗ್ ಹುಡುಗನಾಗಿದ್ದಾಗ ಹತ್ತಿ ಬಿಡಿಸಿದವರು. ಮಡ್ಡಿ ವಾಟರ್ಸ್ ದೊಡ್ಡ ಜಮೀನೊಂದರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. 1943ರಲ್ಲಿ ಅವರು ಕೆಲಸ ಹುಡುಕಿಕೊಂಡು ಷಿಕಾಗೊ ಸೇರಿದರು. ಊರ ಜಗಲಿಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಗಿಟಾರ್ ಪಟ್ಟಣದ ಕ್ಲಬ್ಬಿನ ಗದ್ದಲದಲ್ಲಿ ಮುಳುಗಿಹೋಯಿತು. ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಮುಂದೆ ಇಂಗ್ಲೆಂಡಿನ ಹುಡುಗರು ಆ ಹಾಡುಗಳನ್ನೇ ಕೇಳಿ ಕಲಿತು ಕಟ್ಟಿದ್ದನ್ನು ನಾವು ಇವತ್ತು ಕ್ಲಾಸಿಕ್ ರಾಕ್ ಅನ್ನುತ್ತೇವೆ.

ಗುಂಯ್ ಸದ್ದಿಗೆ ಮದ್ದು

ಒಂದೇ ಸುರುಳಿಯ ಪಿಕಪ್ಪಿಗೆ ಸಿಂಗಲ್ ಕಾಯಿಲ್ ಅಂತ ಹೆಸರು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಇಂಥವು ಮೂರು. ದನಿ ತಿಳಿಯಾಗಿ, ಗಂಟೆಯ ಹಾಗೆ ಇರುತ್ತದೆ. ಆದರೆ ಸುರುಳಿ ತಂತಿಯ ನಡುಕವನ್ನಷ್ಟೇ ಹಿಡಿಯುವುದಿಲ್ಲ, ಸುತ್ತಲಿನ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಸೀರಿಯಲ್ ಸೆಟ್, ಪಕ್ಕದಲ್ಲೇ ಜನರೇಟರ್ ಇರುವ ಪೆಂಡಾಲಿನಲ್ಲಿ ಕೇಳಬೇಕೆ?

ಇದಕ್ಕೆ ಮದ್ದು ಕಂಡುಹಿಡಿದವರು ಗಿಬ್ಸನ್ ಕಂಪನಿಯ ಇಂಜಿನಿಯರ್ ಸೆತ್ ಲವರ್. ಅವರು ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಒಂದಕ್ಕೊಂದು ಉಲ್ಟಾ ಮಾಡಿದರು. ಸುತ್ತು ಉಲ್ಟಾ ಆದರೆ ಏನಾಗುತ್ತದೆ ಅಂತ ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ. ಇಲ್ಲಿ ಎರಡು ಸುರುಳಿಗೆ ಬಂದ ಗುಂಯ್ ಸದ್ದು ಒಂದನ್ನೊಂದು ಅಳಿಸಿಹಾಕುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಇದೇ ಹಂಬಕರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, 1959ರಲ್ಲಿ ಮಂಜೂರಾಯಿತು. ಇದರ ದನಿ ಸ್ವಲ್ಪ ದಪ್ಪ, ಬೆಚ್ಚಗೆ.

ಬದಲಿ ಪಿಕಪ್ ಬಂದ ಬಗೆ

ಕಂಪನಿ ಹಾಕಿಕೊಟ್ಟ ಪಿಕಪ್ ತೆಗೆದು ಬೇರೆಯದು ಹಾಕುವುದು ದೊಡ್ಡ ವ್ಯಾಪಾರವಾಗಿದ್ದು 1970ರ ದಶಕದಲ್ಲಿ. ಲ್ಯಾರಿ ಡಿಮಾರ್ಜಿಯೊ 1972ರಲ್ಲಿ ತಂದ ‘ಸೂಪರ್ ಡಿಸ್ಟಾರ್ಷನ್’ ಹಳೆಯ ಹಂಬಕರ್‌ಗಿಂತ ಬಹಳ ಜೋರು. ಆಂಪ್ ಅನ್ನು ಒದರುವಂತೆ ಮಾಡುವುದೇ ಅದರ ಉದ್ದೇಶ. ಅಲ್ಲಿಂದ ‘ಹೈ ಔಟ್‌ಪುಟ್’ ಅನ್ನುವ ಮಾತಿಗೆ ಬೆಲೆ ಬಂತು. ಇವತ್ತಿಗೂ ಹೊಸಬರು ಮೊದಲು ದುಡ್ಡು ಕೊಡುವುದು ಅದಕ್ಕೇ.

ಆದರೆ ಹಳೆಯ ರೆಕಾರ್ಡುಗಳು ಬೇರೆಯೇ ಹೇಳುತ್ತವೆ. ಜಿಮಿ ಹೆಂಡ್ರಿಕ್ಸ್ ನುಡಿಸಿದ್ದು ಸಾಮಾನ್ಯ ಸಿಂಗಲ್ ಕಾಯಿಲ್ ಸ್ಟ್ರಾಟ್. ಎರಿಕ್ ಕ್ಲಾಪ್ಟನ್ 1966ರ ಬ್ಲೂಸ್ ರೆಕಾರ್ಡಿನಲ್ಲಿ ಬಳಸಿದ್ದು ಹಳೆಯ ಹಂಬಕರ್ ಇದ್ದ ಗಿಟಾರ್. ಆ ಪಿಕಪ್ಪುಗಳು ಜೋರಿನವಲ್ಲ. ಜೋರಾಗಿದ್ದು ಆಂಪ್. ಪಿಕಪ್ ಮೆತ್ತಗಿದ್ದುದರಿಂದಲೇ ಬೆರಳು ಹಗುರಾಗಿ ಮೀಟಿದರೆ ಹಗುರ, ಗಟ್ಟಿಯಾಗಿ ಮೀಟಿದರೆ ಗಟ್ಟಿ ಅನ್ನುವ ವ್ಯತ್ಯಾಸ ಕೇಳುತ್ತಿತ್ತು. ಬ್ಲೂಸ್‌ನ ಜೀವ ಇರುವುದು ಆ ವ್ಯತ್ಯಾಸದಲ್ಲಿ.

ಚೌಡಯ್ಯನವರ ಕಾಲದಲ್ಲಿ ವಾದ್ಯವೇ ಜೋರಾಗಬೇಕಿತ್ತು. ಈಗ ಆ ಕೆಲಸಕ್ಕೆ ಆಂಪ್ ಇದೆ. ಪಿಕಪ್ಪಿನಿಂದ ನಾವು ಕೇಳಬೇಕಾದ್ದು ನಾದವನ್ನು ಕೆಡಿಸದೆ ದಾಟಿಸು ಅಂತ ಮಾತ್ರ.

ಹಾಗಾದರೆ ಯಾವುದು?

ಅಲ್ನಿಕೊ ಅಯಸ್ಕಾಂತ ಇರುವುದನ್ನೇ ನೋಡಿ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿಸಿ ಮಾಡುವ ಮಿಶ್ರಲೋಹ ಅದು. ಅಲ್ನಿಕೊ 2 ಮೆದು, ಅಲ್ನಿಕೊ 5 ಸ್ವಲ್ಪ ಚುರುಕು. ಎಲೆಕ್ಟ್ರಿಷಿಯನ್ ಬಳಿ ಇರುವ ಮಲ್ಟಿಮೀಟರ್‌ನಲ್ಲಿ ಅಳೆದರೆ ಹಳೆಯ ಬಗೆಯ ಸಿಂಗಲ್ ಕಾಯಿಲ್ ಸುಮಾರು 6 ಕಿಲೋ ಓಂ, ಹಂಬಕರ್ 7ರಿಂದ 8.5 ಕಿಲೋ ಓಂ ತೋರಿಸುತ್ತದೆ. 13 ದಾಟಿದರೆ ಸಾಮಾನ್ಯವಾಗಿ ಅದು ಹೆವಿ ಸಂಗೀತದವರ ಮಾಲು.

ಮನೆಯಲ್ಲಿ ನುಡಿಸುವವರಿಗೆ ಸಿಂಗಲ್ ಕಾಯಿಲ್ ಸಾಕು. ಜಾತ್ರೆ ವೇದಿಕೆಯವರಿಗೆ ಹಂಬಕರ್ ಮೇಲು. ಸ್ಟ್ರಾಟ್ ಬಗೆಯ ಗಿಟಾರ್ ಆದರೆ ಮರ ಕೊರೆಯಬೇಡಿ, ಅದೇ ಗುಳಿಯಲ್ಲಿ ಕೂರುವ ಸಣ್ಣ ಹಂಬಕರ್ ಸಿಗುತ್ತದೆ. ವಾಲ್ಯೂಮ್ ಪಾಟ್ ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಂ, ಹಂಬಕರ್‌ಗೆ 500 ರೂಢಿ. ಬಿಚ್ಚುವ ಮುಂಚೆ ವೈರಿಂಗ್ ಫೋಟೊ ತೆಗೆದಿಡಿ. ಬೆಸುಗೆಯನ್ನು ಟಿ.ವಿ. ರಿಪೇರಿಯವರೂ ಹಾಕಿಕೊಡುತ್ತಾರೆ.

ಅದಕ್ಕೂ ಮೊದಲು ಹೆಚ್ಚು ಖರ್ಚಿಲ್ಲದ ಎರಡು ಕೆಲಸ ಮಾಡಿ ನೋಡಿ. ತಂತಿ ಹಳೆಯದಾಗಿದ್ದರೆ ಬದಲಿಸಿ. ಪಿಕಪ್ ಪಕ್ಕದ ಸ್ಕ್ರೂ ತಿರುಗಿಸಿ ಅದನ್ನು ತಂತಿಯಿಂದ ಸ್ವಲ್ಪ ಕೆಳಗಿಳಿಸಿ. ಎಷ್ಟೋ ಸಲ ಇಷ್ಟಕ್ಕೇ ದನಿ ತಿಳಿಯಾಗುತ್ತದೆ.

ಇನ್ನೊಂದು ಮಾತು ದನಿಯದ್ದಲ್ಲ, ಜೀವದ್ದು. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ಸತ್ತರು. ಕೈಯಲ್ಲಿ ಗಿಟಾರ್ ಇತ್ತು, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿದರು, ಶಾಕ್ ಹೊಡೆಯಿತು. ಎಲೆಕ್ಟ್ರಿಕ್ ಗಿಟಾರಿನ ತಂತಿ ವೈರಿನ ಮೂಲಕ ಆಂಪ್‌ನ ಅರ್ಥಿಗೇ ಸೇರಿರುತ್ತದೆ. ನಮ್ಮ ಪೆಂಡಾಲುಗಳಲ್ಲಿ ಮೂರನೇ ಪಿನ್ ಮುರಿದ ಪ್ಲಗ್ಗು, ಪ್ಲಗ್ಗೇ ಇಲ್ಲದೆ ಕಡ್ಡಿ ಸಿಕ್ಕಿಸಿದ ವೈರು ಹೊಸದೇನಲ್ಲ. ಎಷ್ಟೇ ಒಳ್ಳೆಯ ಪಿಕಪ್ ಹಾಕಿದರೂ ಇದನ್ನು ಅದು ತಡೆಯುವುದಿಲ್ಲ. ವೇದಿಕೆ ಹತ್ತುವ ಮುಂಚೆ ಟೆಸ್ಟರ್ ಹಿಡಿದು ಮೈಕ್ ಸ್ಟ್ಯಾಂಡ್, ಆಂಪ್ ನೋಡಿಸಿ. ಲೈಟ್ ಹತ್ತಿದರೆ ಯಾರೇ ಅವಸರ ಮಾಡಿದರೂ ಗಿಟಾರ್ ಮುಟ್ಟಬೇಡಿ.